ಎರಡು ಗೆರೆಗಳ ಸಾಕ್ಷಿ

ರಾಣೆಬೆನ್ನೂರು ದಾಟಿ ಹೆದ್ದಾರಿ ಬಿಟ್ಟು ಒಳದಾರಿಗೆ ಹೊರಳಿದರೆ, ಮೆಕ್ಕೆಜೋಳದ ಕೂಳೆ ನಿಂತ ಹೊಲಗಳ ನಡುವೆ ಬಿಳಿ ಬಲೆಯ ಮನೆಗಳು ಒಂದೊಂದಾಗಿ ಕಾಣುತ್ತವೆ. ಕಂಬ ನೆಟ್ಟು, ತಂತಿ ಬಿಗಿದು, ಮೇಲೂ ಸುತ್ತಲೂ ನೈಲಾನ್ ಪರದೆ ಎಳೆದ ನೆಟ್ ಹೌಸ್‌ಗಳು. ಒಳಗೆ ಬೆಳೆದಿರುವುದು ಟೊಮೆಟೊ, ಮೆಣಸಿನಕಾಯಿ, ಬದನೆ. ಆದರೆ ಇದು ಸಂತೆಗೆ ಹೋಗುವ ಕಾಯಿಪಲ್ಲೆಯಲ್ಲ. ಇಲ್ಲಿ ಹಣ್ಣನ್ನು ತುಳಿದು, ತಿರುಳನ್ನು ಚೆಲ್ಲಿ, ಬೀಜವನ್ನಷ್ಟೇ ಇಟ್ಟುಕೊಳ್ಳುತ್ತಾರೆ. ಊರವರ ಬಾಯಲ್ಲಿ ಇದು ‘ಸೀಡ್ಸ್ ಪ್ಲಾಟ್’.

ಪರದೆಗೆ ಎರಡು ಬಾಗಿಲು. ಹೊರಗಿನದನ್ನು ಮುಚ್ಚಿದ ಮೇಲೆಯೇ ಒಳಗಿನದನ್ನು ತೆರೆಯಬೇಕು. ಬಿಳಿನೊಣ ನುಸುಳಿದರೆ ಅದರ ಹಿಂದೆಯೇ ಎಲೆ ಮುಟುರು ರೋಗ ಬರುತ್ತದೆ. ಮಾಗಿಯ ಬೆಳಗು, ಹೊರಗೆ ಇನ್ನೂ ಚಳಿ; ಒಳಗೆ ಮಾತ್ರ ಟೊಮೆಟೊ ಎಲೆಯ ಆ ಒಗರು ವಾಸನೆ ತುಂಬಿಕೊಂಡು ಬೆಚ್ಚಗಿದೆ. ಸಾಲಿಗೊಬ್ಬರಂತೆ ಹೆಣ್ಣುಮಕ್ಕಳು ಬಗ್ಗಿ ನಿಂತಿದ್ದಾರೆ. ಒಬ್ಬೊಬ್ಬರ ಕೈಯಲ್ಲೂ ಒಂದು ಚಿಮಟ.

ಟೊಮೆಟೊ ಹೂವಿನಲ್ಲಿ ಗಂಡೂ ಹೆಣ್ಣೂ ಒಟ್ಟಿಗೇ ಇರುತ್ತವೆ. ಬಿಟ್ಟರೆ ತನ್ನ ಪರಾಗದಿಂದ ತಾನೇ ಕಾಯಿ ಕಟ್ಟುವ ಗಿಡ ಅದು. ಹೈಬ್ರಿಡ್ ಬೇಕೆಂದರೆ ಹೂ ಅರಳುವ ಮೊದಲೇ, ಮೊಗ್ಗಿನಲ್ಲಿಯೇ, ಪರಾಗದ ಚೀಲಗಳು ಕೂಡಿಕೊಂಡ ಆ ಹಳದಿ ಕೊಳವೆಯನ್ನು ಇಡಿಯಾಗಿ ಕಿತ್ತು ತೆಗೆಯಬೇಕು. ನಡುವಿನ ಶಲಾಕೆಗೆ ಪೆಟ್ಟಾಗಬಾರದು. ಮರುದಿನ ಬೆಳಿಗ್ಗೆ, ಬೇರೆ ತಳಿಯ ಗಂಡು ಗಿಡದಿಂದ ಹಿಂದಿನ ದಿನವೇ ಹೂ ಬಿಡಿಸಿ, ಒಣಗಿಸಿ, ಸೋಸಿ ಇಟ್ಟ ಪರಾಗದ ಪುಡಿಗೆ ಆ ಶಲಾಕೆಯ ತುದಿಯನ್ನು ಮುಟ್ಟಿಸಬೇಕು. ಮುಟ್ಟಿಸಿದ ಗುರುತಿಗೆ ಹೂವಿನ ಹಸಿರು ಪುಷ್ಪಪಾತ್ರೆಯ ಎರಡು ಎಸಳನ್ನು ಕತ್ತರಿಸಿಬಿಡುತ್ತಾರೆ. ಹಣ್ಣಾಗುವವರೆಗೂ ಆ ಗಾಯದ ಗುರುತು ತೊಟ್ಟಿನ ಬುಡದಲ್ಲಿ ಉಳಿಯುತ್ತದೆ. ಕೊಯ್ಲಿನಲ್ಲಿ ಗುರುತಿರುವ ಹಣ್ಣು ಮಾತ್ರ ಬುಟ್ಟಿಗೆ, ಉಳಿದದ್ದು ಹೊರಗೆ.

“ಹೊತ್ತು ಮೀರಿದ ಮೊಗ್ಗು ಅಂತ ಹೆಂಗ ಗೊತ್ತಾಗತೈತ್ರಿ ಅಕ್ಕಾರ?”

“ಬಣ್ಣ ನೋಡ್ರಿ. ತಿಳಿಹಸಿರು ಇದ್ದಾಗ ಬಿಡಿಸಿದ್ರ ಛಲೋ. ಹಳದಿ ಏರಿ ಬಾಯಿ ತಗೀತು ಅಂದ್ರ ಅದು ಸೆಲ್ಫ್ ಆಗಿ ಹೋಗಿರತೈತಿ. ಅಂಥದ್ದನ್ನ ಚಿವುಟಿ ಒಗದುಬಿಡ್ತೀವಿ.”

ಕೇಳಿದ್ದಕ್ಕೆ ಉತ್ತರ ಹೇಳುವಷ್ಟರಲ್ಲಿ ಅವರು ಐದಾರು ಮೊಗ್ಗು ಮುಗಿಸಿದ್ದರು. ಆ ಕೈಯ ವೇಗ ಕಂಡರೆ, ಇಡೀ ಬೀಜೋದ್ಯಮ ನಿಂತಿರುವುದು ಯಾವ ಕಂಪನಿಯ ಕಟ್ಟಡದ ಮೇಲೂ ಅಲ್ಲ, ಈ ಬೆರಳುಗಳ ಮೇಲೆ ಎಂದು ಯಾರಿಗಾದರೂ ಅನ್ನಿಸೀತು. ಆದರೆ ಒಂದು ಲೆಕ್ಕವನ್ನೂ ಮರೆಯಬಾರದು. ಒಂದು ಗ್ರಾಂ ಟೊಮೆಟೊ ಬೀಜವೆಂದರೆ ಸುಮಾರು 300 ಕಾಳು. ಹೊತ್ತು ಮೀರಿದ ಒಂದೇ ಒಂದು ಹೂ ಕಣ್ಣು ತಪ್ಪಿಸಿ ಉಳಿದುಕೊಂಡು, ಅದಕ್ಕೂ ಎಸಳಿನ ಗುರುತು ಬಿತ್ತೆಂದರೆ, ಹಣ್ಣಿನ ತುಂಬ ತಾಯಿಯದೇ ಬೀಜ. ನೋಡುವುದಕ್ಕೆ ಹೈಬ್ರಿಡ್ ಬೀಜಕ್ಕೂ ಅದಕ್ಕೂ ಕೂದಲೆಳೆಯ ವ್ಯತ್ಯಾಸವೂ ಇರುವುದಿಲ್ಲ.

ಈ ಸೀಮೆಯ ಕೈಗಳು ಪಳಗಿದ್ದು ಹತ್ತಿಯಲ್ಲಿ. 1970ರಲ್ಲಿ ಸೂರತ್‌ನಲ್ಲಿ ಸಿ.ಟಿ. ಪಟೇಲ್ ‘ಹೈಬ್ರಿಡ್-4’ ತಂದರು. ವಾಣಿಜ್ಯವಾಗಿ ಬೆಳೆದ ಮೊದಲ ಹತ್ತಿ ಹೈಬ್ರಿಡ್ ಅದು. ಎರಡು ವರ್ಷದಲ್ಲಿ ಧಾರವಾಡದಲ್ಲಿ ಬಿ.ಎಚ್. ಕಾತರಕಿಯವರು ‘ಲಕ್ಷ್ಮಿ’ ಎಂಬ ಊರ ಹೆಸರುವಾಸಿ ತಳಿಗೆ ಉದ್ದ ಎಳೆಯ ಬಾರ್ಬಡೆನ್ಸ್ ಜಾತಿಯ ಹತ್ತಿಯನ್ನು ಕೂಡಿಸಿ ‘ವರಲಕ್ಷ್ಮಿ’ ಮಾಡಿದರು. ಎರಡು ಬೇರೆ ಬೇರೆ ಜಾತಿಗಳ ನಡುವಿನ ಮೊದಲ ಹತ್ತಿ ಹೈಬ್ರಿಡ್. 1981ರಲ್ಲಿ ಅಲ್ಲಿಂದಲೇ ‘ಜಯಲಕ್ಷ್ಮಿ’ ಬಂತು. ಹೆಸರು ಚೆಂದವಾಗಿದ್ದರೂ ರೈತರು ಕರೆದದ್ದು ಡಿಸಿಎಚ್ ಎಂದೇ. ಸಂಜೆ ಹತ್ತಿಯ ಮೊಗ್ಗು ಬಿಡಿಸುವುದು, ಕೆಂಪು ಕಾಗದದ ಟೊಪ್ಪಿ ಹಾಕುವುದು, ಬೆಳಿಗ್ಗೆ ಗಂಡು ಹೂ ತಂದು ಮುಟ್ಟಿಸುವುದು: ಈ ಕೆಲಸ ಕಲಿತ ತಾಯಂದಿರ ಹೆಣ್ಣುಮಕ್ಕಳೇ ಇವತ್ತು ಟೊಮೆಟೊ ಸಾಲಿನಲ್ಲಿ ನಿಂತಿರುವವರು.

ಬಲೆಮನೆಯ ಒಂದು ಮೂಲೆಯಲ್ಲಿ ಗಂಡು ಗಿಡಗಳು ಬೇರೆಯಾಗಿ ನಿಂತಿವೆ. ಗಿಡಕ್ಕೆ ಹೆಸರಿಲ್ಲ, ಹೆಣ್ಣಿಗೊಂದು ಸಂಖ್ಯೆ, ಗಂಡಿಗೊಂದು ಸಂಖ್ಯೆ. ಯಾವ ತಳಿಗೆ ಯಾವುದನ್ನು ಕೂಡಿಸುತ್ತಿದ್ದೇವೆಂಬುದು ಬೆಳೆಗಾರನಿಗೆ ತಿಳಿಯುವುದಿಲ್ಲ, ತಿಳಿಸುವುದೂ ಇಲ್ಲ. ಕಂಪನಿಗಿರುವ ಗುಟ್ಟೆಲ್ಲ ಆ ಎರಡು ಸಂಖ್ಯೆಯಲ್ಲಿದೆ. ಬೆಳೆಗಾರ ಮತ್ತು ಕಂಪನಿಯ ನಡುವೆ ಒಬ್ಬ ಆರ್ಗನೈಸರ್. ತಂದೆ–ತಾಯಿ ಬೀಜ ತಂದು ಕೊಡುವವನು ಅವನು, ಆಳಿನ ಖರ್ಚಿಗೆ ಮುಂಗಡ ಕೊಡುವವನು ಅವನು, ಕೊನೆಗೆ ಒಣಗಿಸಿದ ಬೀಜವನ್ನು ತೂಗಿ ಒಯ್ಯುವವನೂ ಅವನೇ. ಆದರೆ ಬೀಜ ತೂಗಿದ ದಿನ ಪೂರ್ತಿ ಹಣ ಬರುವುದಿಲ್ಲ. ಅದಕ್ಕೆ ಮೂರಕ್ಷರದ ಒಂದು ಗಂಡಾಂತರ ದಾಟಬೇಕು: ಜಿಒಟಿ. ಊರಿನಲ್ಲಿ ಓದಲು ಬಾರದ ಮುದುಕನಿಗೂ ಈ ಮಾತು ಗೊತ್ತು. “ನಮ್ಮದು ಜಿಒಟಿ ಪಾಸಾತ್ರಿ” ಅಂದರೆ ಮದುವೆ ಸಾಲ ತೀರಿತು ಎಂದು ತಿಳಿಯಬೇಕು.

ಜಿಒಟಿ ಅಂದರೆ ಬಿತ್ತಿ ನೋಡುವ ಪರೀಕ್ಷೆ. ಆ ತಾಕು ನೋಡಲು ಬೇರೆ ಕಡೆಗೇ ಹೋಗಬೇಕು. ಬಯಲಲ್ಲಿ ಸಾಲುಸಾಲಾಗಿ ನೆಟ್ಟ ಗಿಡಗಳು, ಸಾಲಿನ ತಲೆಗೆ ಗೂಟ, ಗೂಟದ ಮೇಲೆ ಲಾಟ್ ಸಂಖ್ಯೆ. ಬದಿಯಲ್ಲಿ ಹೋಲಿಕೆಗೆಂದು ತಾಯಿ ತಳಿಯ ಒಂದು ಸಾಲು, ತಂದೆಯ ಒಂದು ಸಾಲು. ಒಂದು ಲಾಟ್‌ಗೆ ಕನಿಷ್ಠ 400 ಗಿಡ ನೋಡಬೇಕೆಂಬುದು ರೂಢಿಯಲ್ಲಿರುವ ನಿಯಮ. ಗಿಡ ಕುಳ್ಳೋ ಎತ್ತರವೋ, ಎಲೆಯ ಅಂಚು ಹರಿದಿದೆಯೋ ಆಲೂಗಡ್ಡೆ ಎಲೆಯಂತೆ ಅಗಲವೋ, ಎಳೆಗಾಯಿಯ ಭುಜದಲ್ಲಿ ಕಡುಹಸಿರಿದೆಯೋ ಇಲ್ಲವೋ ಎಂದು ಗಿಡಗಿಡವನ್ನೂ ಎಣಿಸುತ್ತ ಹೋಗುತ್ತಾರೆ. ಬೇರೆಯಾಗಿ ಕಂಡದ್ದಕ್ಕೆ ಒಂದು ರಿಬ್ಬನ್. ಸರ್ಕಾರದ ಪ್ರಮಾಣೀಕರಣದಲ್ಲಿ ಹತ್ತಿ, ಟೊಮೆಟೊ, ಬದನೆ ಹೈಬ್ರಿಡ್‌ಗಳಿಗೆ ನೂರಕ್ಕೆ 90 ಶುದ್ಧವಿದ್ದರೆ ಸಾಕು, ಭತ್ತದಂಥವಕ್ಕೆ 95. ಕಂಪನಿಗಳ ಒಪ್ಪಂದದ ಮಾತೇ ಬೇರೆ. ದುಬಾರಿ ತರಕಾರಿ ಬೀಜಕ್ಕೆ 98, ಅದಕ್ಕಿಂತ ಮೇಲೂ ಕೇಳುವವರಿದ್ದಾರೆ. ಕೊಳ್ಳುವ ರೈತನ ಕಡೆಯಿಂದ ನೋಡಿದರೆ ಅದು ತಪ್ಪೂ ಅಲ್ಲ.

ತೊಂದರೆ ಕಾಯುವುದರಲ್ಲಿದೆ. ಕಾಯಿ ಕಟ್ಟುವವರೆಗೆ ಟೊಮೆಟೊಗೆ ಎರಡೂವರೆ–ಮೂರು ತಿಂಗಳು ಬೇಕು. ಅಷ್ಟರಲ್ಲಿ ಬಿತ್ತನೆಯ ಹಂಗಾಮು ತಲೆಯ ಮೇಲೆ ಬಂದಿರುತ್ತದೆ. ಬೀಜ ಗೋದಾಮಿನಲ್ಲಿ, ಹಣ ಕಂಪನಿಯಲ್ಲಿ, ಬೆಳೆಗಾರ ಬಡ್ಡಿಯಲ್ಲಿ. ಅದರ ಮೇಲೆ ತಾಕಿಗೆ ರೋಗ ಬಿದ್ದು ಎಲ್ಲ ಗಿಡ ಮುಟುರಿಕೊಂಡರೆ ಯಾವುದು ತಾಯಿ, ಯಾವುದು ಮಗು ಎಂದು ಹೇಳುವುದು ಎಂಥ ಅನುಭವಿಗೂ ಕಷ್ಟ. ತಂದೆ–ತಾಯಿ ತಳಿಗಳೇ ಒಂದನ್ನೊಂದು ಹೋಲುತ್ತಿದ್ದರಂತೂ ಕಣ್ಣಿನ ಎಣಿಕೆಯನ್ನು ನಂಬುವುದು ಹೇಗೆ?

ಹಳಬರು ಇದಕ್ಕೊಂದು ಜಾಣ ಉಪಾಯ ಕಂಡುಕೊಂಡಿದ್ದರು. ತಾಯಿ ತಳಿ ಮೊಳಕೆಯ ಕಾಂಡ ಹಸಿರಾಗಿಯೇ ಇರುವಂಥದ್ದು, ತಂದೆ ನೇರಳೆ ಕಾಂಡದ್ದು ಎಂದಿಟ್ಟುಕೊಳ್ಳಿ. ನೇರಳೆ ಗುಣ ಮೇಲುಗೈ ಆಗುವುದರಿಂದ ನಿಜವಾದ ಹೈಬ್ರಿಡ್ ಮೊಳಕೆಗಳೆಲ್ಲ ನೇರಳೆ. ಟ್ರೇಯಲ್ಲಿ ಹಸಿರು ಕಾಂಡದ್ದು ಕಂಡರೆ ಅದು ಸೆಲ್ಫ್. ಹತ್ತೇ ದಿನದಲ್ಲಿ, ಖರ್ಚೇ ಇಲ್ಲದೆ ಉತ್ತರ. ಆದರೆ ಇಂಥ ಜೋಡಿ ಎಲ್ಲ ಕಡೆ ಸಿಗುವುದಿಲ್ಲ. ಕಣ್ಣಿಗೆ ಕಾಣದ ಗುರುತನ್ನು ಹುಡುಕಲು ಡಿಎನ್‌ಎಗೆ ಹೋಗಲೇಬೇಕಾಯಿತು.

ಬೆಂಗಳೂರಿನ ಉತ್ತರಕ್ಕೆ, ಊರು ಮುಗಿದು ದ್ರಾಕ್ಷಿ ತೋಟ ಶುರುವಾಗುವ ಅಂಚಿನಲ್ಲಿ, ಬೀಜ ಪರೀಕ್ಷೆಯ ಒಂದು ಖಾಸಗಿ ಲ್ಯಾಬ್. ಹೆಸರು ಬರೆಯಕೂಡದು ಎಂಬ ಷರತ್ತಿನ ಮೇಲೆ ಒಳಗೆ ಬಿಟ್ಟರು. ಮೊದಲು ಸಿಗುವುದು ಮೊಳಕೆಯ ಕೋಣೆ. ಟ್ರೇಗಳಲ್ಲಿ ಎರಡೆಲೆಯ ಸಸಿಗಳು, ಪ್ರತಿ ಗುಳಿಗೂ ಒಂದು ಸಂಖ್ಯೆ. ಬೀಜವನ್ನೇ ನೇರ ಅರೆದರೆ ದಿನ ಉಳಿಯುವುದಿಲ್ಲವೇ ಎಂದು ಕೇಳಿದೆ. ಅಲ್ಲಿಯ ಹುಡುಗಿ ನಕ್ಕು, “ಬೀಜದ ಸಿಪ್ಪೆ ಅಮ್ಮಂದು ಸರ್. ಅದು ಸೇರ್ಕೊಂಡ್ರೆ ರಿಸಲ್ಟ್ ಕೆಡುತ್ತೆ” ಎಂದಳು. ನಿಜ. ಹಣ್ಣಿನಂತೆಯೇ ಬೀಜದ ಹೊದಿಕೆಯೂ ತಾಯಿಗಿಡದ ಅಂಗಾಂಶ. ಇಬ್ಬರ ರಕ್ತವೂ ಸೇರಿರುವುದು ಒಳಗಿನ ಭ್ರೂಣದಲ್ಲಿ. ಅದಕ್ಕೇ ಎಲೆ ಬರುವವರೆಗೆ ಕಾದು ಕಡಲೆಕಾಳಿನಷ್ಟು ತುಣುಕು ಚುಚ್ಚಿ ತೆಗೆಯುತ್ತಾರೆ.

ಈ ಕಟ್ಟಡದಲ್ಲಿ ದಾರಿ ಒಂದೇ ದಿಕ್ಕಿಗೆ. ಮುಂದಿನ ಕೋಣೆಗೆ ಹೋದವರು ಅದೇ ಕೋಟು ತೊಟ್ಟು ಹಿಂದಿನ ಕೋಣೆಗೆ ಬರುವಂತಿಲ್ಲ. ಡಿಎನ್‌ಎಯನ್ನು ನಕಲು ಮಾಡುವ ಪಿಸಿಆರ್ ಆದಮೇಲೆ ಗಾಳಿಯಲ್ಲಿ ತೇಲುವ ಡಿಎನ್‌ಎಯ ಸೂಕ್ಷ್ಮ ಕಣ ಹೊಸ ಮಾದರಿಗೆ ಬಿದ್ದರೂ ಅದೂ ಕೋಟಿಗಟ್ಟಲೆ ನಕಲಾಗಿ ಸುಳ್ಳು ಸಾಕ್ಷಿ ಹೇಳುತ್ತದೆ. ಬಲೆಮನೆಯ ಎರಡು ಬಾಗಿಲ ನಿಯಮಕ್ಕೂ ಇದಕ್ಕೂ ಒಳಗಿನ ಕಾರಣ ಒಂದೇ: ಹೊರಗಿನದು ಒಳಬರಬಾರದು.

ಎರಡನೆಯ ಕೋಣೆಯಲ್ಲಿ 96 ಗುಳಿಗಳ ಪ್ಲೇಟು. ಗುಳಿಗೊಂದು ಎಲೆಯ ತುಣುಕು, ಜೊತೆಗೆ ಒಂದು ಪುಟ್ಟ ಉಕ್ಕಿನ ಗುಂಡು. ಯಂತ್ರ ಅದನ್ನು ಗಡಗಡ ಅಲುಗಿಸಿದರೆ ಎಲ್ಲ ಹಸಿರು ನೀರು. ಆಮೇಲೆ ಸಾಬೂನಿನ ಗುಣದ ದ್ರಾವಣ ಹಾಕಿ ಜೀವಕೋಶದ ಪೊರೆ ಕರಗಿಸುವುದು, ಕ್ಲೋರೋಫಾರ್ಮ್‌ನಿಂದ ಪ್ರೋಟೀನು ಬೇರ್ಪಡಿಸುವುದು, ತಣ್ಣನೆಯ ಆಲ್ಕೋಹಾಲಿನಲ್ಲಿ ಡಿಎನ್‌ಎಯನ್ನು ಇಳಿಸುವುದು. ಇಷ್ಟು ಹೇಳಿದರೆ ಸಾಕು. ಅಡುಗೆಮನೆಯ ಕೆಲಸದಷ್ಟೇ ಬೇಸರದ್ದು, ಅಷ್ಟೇ ಎಚ್ಚರ ಬೇಡುವಂಥದ್ದು.

ನಿಂತು ನೋಡಬೇಕಾದದ್ದು ಮೂರನೆಯ ಕೋಣೆ. ಡಿಎನ್‌ಎ ನಾಲ್ಕು ಅಕ್ಷರದ ಉದ್ದನೆಯ ಬರಹ. ಟೊಮೆಟೊದಲ್ಲಿ ಅದರ ಉದ್ದ ಸುಮಾರು 90 ಕೋಟಿ ಅಕ್ಷರ. 2012ರಲ್ಲಿ ಹಲವು ದೇಶಗಳ ವಿಜ್ಞಾನಿಗಳು ಕೂಡಿ ಅದನ್ನು ಓದಿ ಮುಗಿಸಿದರು, ಭಾರತದವರೂ ಅದರಲ್ಲಿದ್ದರು. ಈ ಬರಹದಲ್ಲಿ ಅಲ್ಲಲ್ಲಿ ಎರಡು–ಮೂರು ಅಕ್ಷರಗಳು ತೊದಲಿದಂತೆ ಮತ್ತೆ ಮತ್ತೆ ಬರುತ್ತವೆ. ಜಿಎ–ಜಿಎ–ಜಿಎ ಎಂದು ಒಂದು ತಳಿಯಲ್ಲಿ 12 ಸಲ ಬಂದರೆ ಇನ್ನೊಂದರಲ್ಲಿ 18 ಸಲ ಬಂದೀತು. ಇವಕ್ಕೆ ಎಸ್‌ಎಸ್‌ಆರ್ ಮಾರ್ಕರ್ ಎನ್ನುತ್ತಾರೆ. ಗುಣಕ್ಕೂ ಅದಕ್ಕೂ ಸಂಬಂಧ ಇರಲೇಬೇಕೆಂದಿಲ್ಲ. ರುಚಿ, ಬಣ್ಣ, ಇಳುವರಿ ಯಾವುದನ್ನೂ ಹೇಳದೆ, ಇವನು ಯಾರ ಮಗ ಎಂಬುದೊಂದನ್ನೇ ಹೇಳುವ ಗುರುತು ಅದು. ಪಿಸಿಆರ್ ಯಂತ್ರ ಆ ಜಾಗವನ್ನಷ್ಟೇ ಹಿಡಿದು ನಕಲು ಮಾಡುತ್ತದೆ: 94 ಡಿಗ್ರಿಗೆ ಕಾಯಿಸಿ ಎರಡು ಎಳೆ ಬಿಡಿಸಿ, 55ರ ಸುಮಾರಿಗೆ ಇಳಿಸಿ ಪ್ರೈಮರ್ ಎಂಬ ಗಿಡ್ಡ ಡಿಎನ್‌ಎ ತುಣುಕು ಅಂಟಿಸಿ, 72ಕ್ಕೆ ಏರಿಸಿ ಹೊಸ ಎಳೆ ಬೆಳೆಸಿ, ಮತ್ತೆ ಮೊದಲಿನಿಂದ. ಮೂವತ್ತು–ಮೂವತ್ತೈದು ಸುತ್ತಿಗೆ ಒಂದು ಎಳೆ ಕೋಟಿಗಟ್ಟಲೆಯಾಗುತ್ತದೆ.

ಆ ನಕಲನ್ನು ಅಗರೋಸ್ ಎಂಬ ಅಂಟಿನ ಹಲಗೆಯ ಗುಳಿಗಳಿಗೆ ತುಂಬಿ ವಿದ್ಯುತ್ ಹರಿಸುತ್ತಾರೆ. ಚಿಕ್ಕ ತುಣುಕು ಮುಂದೆ ಓಡುತ್ತದೆ, ದೊಡ್ಡದು ಹಿಂದೆ ಉಳಿಯುತ್ತದೆ. ಕತ್ತಲ ಕೋಣೆಯಲ್ಲಿ ನೇರಳಾತೀತ ಬೆಳಕು ಹಾಕಿದೊಡನೆ ಗೆರೆಗಳು ಹೊಳೆದವು. ಎಡಗಡೆಯ ಮೊದಲ ಓಟದಲ್ಲಿ ತಾಯಿ, ಮೇಲೊಂದು ಗೆರೆ. ಅದರ ಪಕ್ಕ ತಂದೆ, ಕೆಳಗೊಂದು ಗೆರೆ. ಆಮೇಲೆ ಸಾಲಾಗಿ ಮಕ್ಕಳು, ಒಬ್ಬೊಬ್ಬರಿಗೂ ಮೇಲೊಂದು ಕೆಳಗೊಂದು, ಎರಡು ಗೆರೆ. ಇಬ್ಬರಿಂದಲೂ ಒಂದೊಂದು ಪಾಲು ಬಂದಿದೆ, ಎರಡೂ ಕಾಣುತ್ತಿವೆ. ಹೈಬ್ರಿಡ್ ಅಂದರೆ ಇಷ್ಟೇ. ನಡುವೆ ಒಂದು ಓಟದಲ್ಲಿ ಮೇಲಿನ ಗೆರೆ ಮಾತ್ರ ಇದೆ, ಕೆಳಗಡೆ ಖಾಲಿ. ಹಾವೇರಿ ಸೀಮೆಯ ಯಾವುದೋ ಬಲೆಮನೆಯಲ್ಲಿ ಹಳದಿ ಏರಿದ ಒಂದು ಮೊಗ್ಗು ಕೈ ತಪ್ಪಿ ಉಳಿದಿತ್ತು.

ಟೊಮೆಟೊ ವಿಷಯದಲ್ಲಿ ಒಂದು ಕಷ್ಟ. ನಾವು ಬೆಳೆಯುವ ತಳಿಗಳೆಲ್ಲ ಹತ್ತಿರದ ಬಂಧುಗಳು. ನೂರಾರು ಮಾರ್ಕರ್ ಹಾಕಿ ನೋಡಿದರೂ ತಂದೆ–ತಾಯಿ ಬೇರೆಯಾಗಿ ಕಾಣುವ ಜಾಗ ಕೆಲವೇ. ಹೀಗಾಗಿ ಒಂದೇ ಅಕ್ಷರದ ವ್ಯತ್ಯಾಸ ಹಿಡಿಯುವ ಎಸ್‌ಎನ್‌ಪಿ ಮಾರ್ಕರ್‌ಗಳ ಕಡೆ ಲ್ಯಾಬ್‌ಗಳು ವಾಲುತ್ತಿವೆ. ಅಲ್ಲಿ ಅಂಟೂ ಇಲ್ಲ, ಕತ್ತಲ ಕೋಣೆಯೂ ಇಲ್ಲ. ತಾಯಿಯ ಅಕ್ಷರಕ್ಕೆ ಒಂದು ಬಣ್ಣ, ತಂದೆಯದಕ್ಕೆ ಇನ್ನೊಂದು. ಎರಡೂ ಇದ್ದರೆ ಕಂಪ್ಯೂಟರಿನ ಪರದೆಯಲ್ಲಿ ಚುಕ್ಕಿ ನಡುವೆ ಬೀಳುತ್ತದೆ. ಇನ್ನೊಂದು ಅನುಕೂಲವೂ ಒದಗಿ ಬಂದಿದೆ. ಎಲೆ ಮುಟುರು ರೋಗ ತಡೆಯುವ ಟಿವೈ ಎಂಬ ಜೀನ್‌ಗಳನ್ನು ಕಾಡು ಟೊಮೆಟೊಗಳಿಂದ ತಂದು ಸೇರಿಸಿದ್ದಾರೆ. ಅದು ತಂದೆಯಲ್ಲಿ ಮಾತ್ರ ಇದ್ದರೆ ಅದರ ಮಾರ್ಕರ್ ಒಂದೇ ಏಟಿಗೆ ಎರಡು ಸಂಗತಿ ಹೇಳುತ್ತದೆ, ಸಸಿ ಹೈಬ್ರಿಡ್ಡೇ ಹೌದೋ ಅಲ್ಲವೋ, ರೋಗ ತಡೆದೀತೋ ಇಲ್ಲವೋ ಎಂದು.

ಪಕ್ಕದ ಟ್ರೇಯಲ್ಲಿ ಭತ್ತ. ಭತ್ತದ ಕಥೆ ಬೇರೆ, ಅಲ್ಲಿ ಚಿಮಟ ಹಿಡಿದು ಕೂರುವವರಿಲ್ಲ. ಮಂಡ್ಯದ ವಿ.ಸಿ. ಫಾರಂನಿಂದ 1996ರಲ್ಲಿ ಬಂದ ಕೆಆರ್‌ಎಚ್-2 ತೆಗೆದುಕೊಳ್ಳಿ. ಅದರ ತಾಯಿ ಐಆರ್ 58025ಎ. ಅದರ ಪರಾಗವೇ ಬಂಜೆ. ತಂದೆ ಮಂಡ್ಯದ್ದೇ ಕೆಎಂಆರ್-3. ಸಾಲಿಟ್ಟು ನೆಟ್ಟು, ಹೂ ಬಿಡುವ ಹೊತ್ತಿಗೆ ಹಗ್ಗ ಎಳೆದು ತಂದೆಯ ಪರಾಗ ತೂರಿಸಿದರೆ ಕೆಲಸವಾಯಿತು. ಆದರೆ ಬಂಜೆ ತಾಯಿಯ ವಂಶ ಮುಂದುವರಿಯಬೇಕಲ್ಲ. ಅದಕ್ಕೆ ‘ಬಿ’ ಎಂಬ ಜೋಡಿ ಬೇಕು. ಎ ಮತ್ತು ಬಿ ಎರಡರ ಕೋಶಕೇಂದ್ರದ ಬರಹ ಒಂದೇ, ಬಂಜೆತನ ಕೂತಿರುವುದು ಮೈಟೊಕಾಂಡ್ರಿಯಾದಲ್ಲಿ. ಎ ಬೀಜಕ್ಕೆ ಬಿ ಬೆರೆತಿದೆಯೇ ಎಂದು ಸಾಮಾನ್ಯ ಎಸ್‌ಎಸ್‌ಆರ್ ಕೇಳಿದರೆ ಅದು ಬಾಯಿ ಬಿಡುವುದಿಲ್ಲ. ಮೈಟೊಕಾಂಡ್ರಿಯಾದ ಮಾರ್ಕರನ್ನೇ ಹಾಕಬೇಕು. ಮೈಟೊಕಾಂಡ್ರಿಯಾ ತಾಯಿಯಿಂದ ಮಾತ್ರ ಬರುವುದರಿಂದ, ಸಾಕ್ಷಿಗೆ ಯಾರನ್ನು ಕರೆಯಬೇಕೆಂಬುದನ್ನೂ ತಿಳಿದಿರಬೇಕು.

ಕಿಟಕಿಯಾಚೆ ದ್ರಾಕ್ಷಿ ಚಪ್ಪರ ಕಾಣುತ್ತಿದ್ದುದರಿಂದ ನೆನಪಾದದ್ದು: ವೈನ್ ಲೋಕದ ರಾಜನಂತಿದ್ದ ಕಪ್ಪು ದ್ರಾಕ್ಷಿ ಕ್ಯಾಬರ್ನೆ ಸೊವಿನ್ಯೋನ್, ನಂದಿಬೆಟ್ಟದ ತಪ್ಪಲಲ್ಲೂ ಬೆಳೆಯುವಂಥದ್ದು, ಯಾರ ಮಗ ಎಂಬುದು ಶತಮಾನಗಳ ಕಾಲ ಯಾರಿಗೂ ತಿಳಿದಿರಲಿಲ್ಲ. 1997ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ ಜಾನ್ ಬೋವರ್ಸ್ ಮತ್ತು ಕ್ಯಾರೊಲ್ ಮೆರೆಡಿತ್ ಇದೇ ಎಸ್‌ಎಸ್‌ಆರ್ ಗೆರೆಗಳನ್ನು ಹೋಲಿಸಿ, ಹೆತ್ತವರಲ್ಲಿ ಒಂದು ಕ್ಯಾಬರ್ನೆ ಫ್ರಾಂಕ್, ಇನ್ನೊಂದು ಸೊವಿನ್ಯೋನ್ ಬ್ಲಾಂಕ್ ಎಂದು ತೋರಿಸಿದರು. ಎರಡನೆಯದು ಬಿಳಿ ದ್ರಾಕ್ಷಿ! ಯಾರೂ ಬೇಕೆಂದು ಮಾಡಿದ ಕ್ರಾಸಿಂಗ್ ಅಲ್ಲ, ತೋಟದಲ್ಲಿ ತಾನಾಗಿ ಆದದ್ದು. ಹೆಸರಿನಲ್ಲೇ ಇಬ್ಬರೂ ಕೂತಿದ್ದರೂ ನಂಬಲು ಗೆರೆಗಳೇ ಬೇಕಾದವು.

ಆದರೆ ನನ್ನನ್ನು ಹೆಚ್ಚು ಹೊತ್ತು ನಿಲ್ಲಿಸಿದ್ದು ಕಂಪ್ಯೂಟರ್ ಮುಂದೆ ಕೂತಿದ್ದ ಹಿರಿಯ ತಂತ್ರಜ್ಞ. ಕೆಟ್ಟ ಓಟಗಳನ್ನು ಅವರು ಓದುವ ಬಗೆಯೇ ಬೇರೆ.

ತಾಯಿಯ ಗೆರೆ ಮಾತ್ರ ಇದ್ದರೆ ಮೊಗ್ಗು ಬಿಡಿಸಿದ್ದು ತಡವಾಗಿದೆ ಎಂದರ್ಥ, ಅದು ಕೈಕೆಲಸದ ತಪ್ಪು. ತಂದೆಯ ಗೆರೆ ಮಾತ್ರ ಇದ್ದರೆ ಗಂಡು ಗಿಡದ ಹಣ್ಣು ಕೊಯ್ಲಿನಲ್ಲೋ ಬೀಜ ತೊಳೆಯುವಲ್ಲೋ ಬೆರೆತಿದೆ. ತಾಯಿಯ ಗೆರೆಯ ಜೊತೆಗೆ ತಂದೆಯದಲ್ಲದ ಮೂರನೆಯ ಗೆರೆ ಬಂದರೆ ಪರಾಗ ಹೊರಗಿನದು. ಬಲೆ ಹರಿದಿರಬೇಕು, ಇಲ್ಲವೇ ಪರಾಗದ ಡಬ್ಬಿ ಅದಲುಬದಲಾಗಿರಬೇಕು. ಇಷ್ಟೂ ಬೆಳೆಗಾರನ ಅಂಗಳದ ತಪ್ಪುಗಳು. ನಾಲ್ಕನೆಯದೊಂದಿದೆ. ತಂದೆಯ ಗೆರೆ ಸರಿಯಾಗಿದೆ, ಕ್ರಾಸಿಂಗ್ ಆಗಿದೆ, ಆದರೆ ತಾಯಿಯ ಗೆರೆ ಇರಬೇಕಾದಲ್ಲಿ ಬೇರೆ ಗೆರೆ. ಅಂದರೆ ಬಿತ್ತಲು ಕೊಟ್ಟ ತಾಯಿ ಬೀಜವೇ ಕಲಬೆರಕೆಯಾಗಿತ್ತು. ಒಂದು ಮಾರ್ಕರ್‌ನಲ್ಲಿ ಹೈಬ್ರಿಡ್ ಅನ್ನಿಸಿ, ಇನ್ನೊಂದರಲ್ಲಿ ಕೆಲವು ಸಸಿ ಹಾಗೆ ಕೆಲವು ಹೀಗೆ ಕಂಡರೆ ತಂದೆ ಅಥವಾ ತಾಯಿ ತಳಿ ಇನ್ನೂ ಸ್ಥಿರವಾಗಿಲ್ಲ. ಈ ಎರಡರಲ್ಲೂ ಬಲೆಮನೆಯ ಹೆಣ್ಣುಮಕ್ಕಳ ತಪ್ಪೇನೂ ಇಲ್ಲ. ಅವರು ಕಲಬೆರಕೆಯನ್ನೇ ಅಚ್ಚುಕಟ್ಟಾಗಿ ಕ್ರಾಸ್ ಮಾಡಿದ್ದಾರೆ.

ಅಂದರೆ ಬಯಲಿನ ತಾಕು ‘ಎಷ್ಟು ಕೆಟ್ಟಿದೆ’ ಎಂದಷ್ಟೇ ಹೇಳುತ್ತಿತ್ತು. ಡಿಎನ್‌ಎ ‘ಎಲ್ಲಿ ಕೆಟ್ಟಿತು’ ಎಂದೂ ಹೇಳಬಲ್ಲದು. ಈ ತಂತ್ರದ ನಿಜವಾದ ಬೆಲೆ ಅಲ್ಲಿದೆ ಎಂಬುದು ನನ್ನ ಅಭಿಪ್ರಾಯ. ಮೂರು ತಿಂಗಳ ಕಾಯುವಿಕೆ ವಾರಕ್ಕಿಳಿಯಿತು ಎಂದು ಎಲ್ಲರೂ ಹೊಗಳುತ್ತಾರೆ, ಸರಿಯೇ. ಆದರೆ ವೇಗಕ್ಕಿಂತ ದೊಡ್ಡ ಲಾಭ ನ್ಯಾಯದ್ದು. ಅದೇ ಕೈಗೆ ಸಿಗುತ್ತಿಲ್ಲ. ಹಳ್ಳಿಯಲ್ಲಿ ಬೆಳೆಗಾರರೊಬ್ಬರು ಪ್ಲಾಸ್ಟಿಕ್ ಕವರಿನಿಂದ ತೆಗೆದು ತೋರಿಸಿದ ಕಾಗದದಲ್ಲಿ ಇದ್ದದ್ದು ಲಾಟ್ ಸಂಖ್ಯೆ, ಒಂದು ಶೇಕಡಾವಾರು, ಕೆಳಗೆ ‘ರಿಜೆಕ್ಟೆಡ್’ ಎಂಬ ಮುದ್ರೆ. ಎಷ್ಟು ಸಸಿ ನೋಡಿದರು, ಯಾವ ಗೆರೆ ಕಂಡಿತು, ಒಂದು ಸಾಲೂ ಇಲ್ಲ. ಗೆರೆಗಳು ಹೇಳಿದ ಕಥೆಯಲ್ಲಿ ಒಂದೇ ಅಂಕಿ ಉಳಿಸಿ ಉಳಿದದ್ದನ್ನು ಅಳಿಸಿಬಿಟ್ಟರೆ, ಸಾಕ್ಷಿ ಅರ್ಧ ಹೇಳಿಕೆ ಕೊಟ್ಟು ಹೋದಂತಾಯಿತು.

ಆ ಅಂಕಿಯ ಮೇಲೂ ಒಂದು ಮಾತು. ಪ್ಲೇಟಿನಲ್ಲಿ 96 ಗುಳಿ ಇದೆ ಎಂಬ ಕಾರಣಕ್ಕೆ 96 ಸಸಿ ನೋಡಿ ಮುಗಿಸುವ ಆಸೆ ಹುಟ್ಟುವುದು ಸಹಜ. ಲೆಕ್ಕ ಹಾಕಿ ನೋಡಿ. ಒಂದು ಲಾಟ್ ನಿಜವಾಗಿಯೂ ನೂರಕ್ಕೆ 98 ಶುದ್ಧವಿದೆ ಎನ್ನೋಣ. ಅದರಿಂದ 96 ಕಾಳು ಎತ್ತಿದರೆ, ಹತ್ತು ಸಲದಲ್ಲಿ ಮೂರು ಸಲ, ಬರೀ ಅದೃಷ್ಟದಿಂದಲೇ, ಮೂರು ಅಥವಾ ಹೆಚ್ಚು ಬೇರೆ ಸಸಿ ಸಿಕ್ಕಿ ಅಂಕಿ 97ರ ಕೆಳಗೆ ಬೀಳುತ್ತದೆ. ಅದೇ ಲಾಟ್‌ನಿಂದ 400 ನೋಡಿದರೆ 97ಕ್ಕೋ ಅದಕ್ಕಿಂತ ಕೆಳಗೋ ಇಳಿಯುವ ಸಂಭವ ಹತ್ತರಲ್ಲಿ ಒಂದರ ಆಸುಪಾಸು. ಯಂತ್ರ ತಪ್ಪು ಮಾಡಲಿಲ್ಲ, ಗೆರೆ ಸುಳ್ಳು ಹೇಳಲಿಲ್ಲ. ಕಡಿಮೆ ಜನರನ್ನು ಕೇಳಿ ಊರಿನ ಅಭಿಪ್ರಾಯ ಬರೆದದ್ದರ ಫಲ. ತಂತ್ರಜ್ಞರೂ ಇದನ್ನು ಒಪ್ಪಿದರು. ನಾಲ್ಕು ಪ್ಲೇಟು ಹಾಕಿದರೆ ಖರ್ಚು ನಾಲ್ಕು ಪಟ್ಟು, ಯಾರು ಕೊಡುತ್ತಾರೆ ಎಂಬುದಷ್ಟೇ ಅವರ ಪ್ರಶ್ನೆ. ಒಂದು ಲಾಟ್ ಬೀಜದ ಹಿಂದೆ ಒಂದು ಮನೆಯ ಇಡೀ ಹಂಗಾಮಿನ ದುಡಿಮೆ ಇರುವಾಗ ಆ ಪ್ರಶ್ನೆಗೆ ಉತ್ತರ ಅಷ್ಟು ಕಷ್ಟದ್ದೆಂದು ನನಗೆ ತೋರುವುದಿಲ್ಲ.

ಕಾನೂನಿನ ಪುಸ್ತಕದಲ್ಲಿ ದಾರಿ ಇಲ್ಲದಿಲ್ಲ. 1966ರ ಬೀಜ ಕಾಯ್ದೆಯ ಪ್ರಕಾರ ಇನ್‌ಸ್ಪೆಕ್ಟರ್ ಅಂಗಡಿಯಿಂದ ಮಾದರಿ ತೆಗೆದರೆ ಅದನ್ನು ಮೂರು ಪಾಲು ಮಾಡಿ ಮುದ್ರೆ ಹಾಕಬೇಕು. ಒಂದು ಅಂಗಡಿಯವನಿಗೆ, ಒಂದು ಪರೀಕ್ಷಕನಿಗೆ, ಒಂದು ಇಲಾಖೆಯಲ್ಲಿ ಕಾಪಿಡಲು. ನಾಳೆ ತಕರಾರು ಬಂದರೆ ಮೂರನೆಯ ಪಾಲು ಮಾತಾಡುತ್ತದೆ. 2012ರಲ್ಲಿ ರಾಷ್ಟ್ರೀಯ ಬೀಜ ನಿಗಮ ಮತ್ತು ಆಂಧ್ರದ ರೈತರ ನಡುವಿನ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟ್, ನಿಗಮದಿಂದ ಬೀಜ ಪಡೆದು ಬೀಜೋತ್ಪಾದನೆ ಮಾಡುವ ರೈತನೂ ಗ್ರಾಹಕನೇ, ಗ್ರಾಹಕ ವೇದಿಕೆಗೆ ಹೋಗಬಹುದು ಎಂದಿತು. ಬಿತ್ತುವಾಗ ಪರೀಕ್ಷೆಗೆಂದು ಒಂದು ಪಾಲು ಎತ್ತಿಡಬೇಕಿತ್ತು ಎಂದು ರೈತನಿಂದ ನಿರೀಕ್ಷಿಸಲಾಗದು ಎಂದೂ ಹೇಳಿತು. ಆದರೆ ಆರ್ಗನೈಸರ್ ಮತ್ತು ಬೆಳೆಗಾರನ ನಡುವಿನ ವ್ಯವಹಾರದಲ್ಲಿ, ನಾನು ಕಂಡಮಟ್ಟಿಗೆ, ಮೂರನೆಯ ಪಾಲು ಎಂಬುದೇ ಇಲ್ಲ. ಚೀಲ ತೂಗಿದರು, ಗಾಡಿ ಹೋಯಿತು, ಮುಗಿಯಿತು.

ಬೆಳೆಗಾರನೇ ನೇರವಾಗಿ ಮಾದರಿ ತಂದರೆ ಪರೀಕ್ಷೆ ಮಾಡಿಕೊಡುತ್ತೀರಾ ಎಂದು ತಂತ್ರಜ್ಞರನ್ನು ಕೇಳಿದೆ.

“ಯಾಕೆ ಮಾಡಲ್ಲ? ಆದ್ರೆ ಬರೀ ಬೀಜ ತಂದ್ರೆ ಪ್ರಯೋಜನ ಇಲ್ಲ ಸರ್. ಅಪ್ಪ–ಅಮ್ಮ ಎರಡೂ ಬೇಕು. ಹೋಲಿಸೋದು ಯಾವುದಕ್ಕೆ? ಆ ಬೀಜ ಇರೋದು ಕಂಪನಿ ಹತ್ರ.”

ಬೀಜ ಕಂಪನಿಯ ಹತ್ತಿರ ಇರಬಹುದು. ಗಿಡ? ಹೆಣ್ಣು ಸಾಲೂ ಗಂಡು ಸಾಲೂ ಆ ಬೆಳೆಗಾರನ ನೆಲದಲ್ಲೇ ತಿಂಗಳುಗಟ್ಟಲೆ ನಿಂತಿರುತ್ತವೆ. ಅದನ್ನು ಹೇಳಿದಾಗ ಅವರು ಸ್ವಲ್ಪ ಯೋಚಿಸಿ, ಎಲೆ ಸಾಕು ಎಂದರು. ಹೆಣ್ಣು ಸಾಲುಗಳಲ್ಲಿ ಅಲ್ಲಲ್ಲಿಂದ ಒಂದಷ್ಟು ಗಿಡ ಆರಿಸಿ ಗಿಡಕ್ಕೊಂದು ಎಳೆ ಎಲೆ, ಗಂಡು ಗಿಡಗಳಿಂದಲೂ ಹಾಗೆಯೇ, ಒಂದರ ಜೊತೆ ಒಂದು ಬೆರೆಸದೆ ಕಾಗದದ ಲಕೋಟೆಗಳಲ್ಲಿ ಹಾಕಿ, ತೇವ ಹೀರುವ ಸಿಲಿಕಾ ಹರಳಿನ ಡಬ್ಬಿಯಲ್ಲಿಟ್ಟರೆ ತಿಂಗಳುಗಟ್ಟಲೆ ಡಿಎನ್‌ಎ ಕೆಡುವುದಿಲ್ಲ. ಮೊಗ್ಗು ಕಾಣುವ ಮೊದಲೇ ತೆಗೆದು ಆಗಲೇ ಪರೀಕ್ಷಿಸಿದರೆ ಇನ್ನೂ ಒಳ್ಳೆಯದು. ತಾಯಿ ಬೀಜದ ಕಲಬೆರಕೆ ಇದ್ದರೆ ಒಂದು ಮೊಗ್ಗೂ ಬಿಡಿಸುವ ಮುಂಚೆ ಸಿಕ್ಕಿಬೀಳುತ್ತದೆ, ಆಳಿನ ಕೂಲಿ ಉಳಿಯುತ್ತದೆ.

ತಳಿಯ ಗುಟ್ಟು ಬಯಲಾದೀತೆಂದು ಕಂಪನಿಗಳು ಒಪ್ಪಲಿಕ್ಕಿಲ್ಲ ಎಂಬುದೊಂದು ಅಡ್ಡಿ, ಅದು ಸುಳ್ಳು ಭಯವೂ ಅಲ್ಲ. ಒಣಗಿದ ಎಲೆಯಿಂದ ಗಿಡ ಬೆಳೆಸಲಾಗದು, ಡಿಎನ್‌ಎಯ ಗುರುತು ಓದಬಹುದು. ಹಾಗಿದ್ದರೆ ಲಕೋಟೆಯ ಮೇಲೆ ಬೆಳೆಗಾರ, ಆರ್ಗನೈಸರ್ ಇಬ್ಬರ ಸಹಿಯೂ ಮುದ್ರೆಯೂ ಬೀಳಲಿ, ತಕರಾರು ಬಂದಾಗ ಮಾತ್ರ, ಇಬ್ಬರ ಎದುರಿಗೇ ತೆರೆಯುವಂತಾಗಲಿ. ಬೀಜ ತೂಗುವ ದಿನ ಅದರಿಂದಲೂ ಒಂದು ಹಿಡಿ ಅದೇ ಡಬ್ಬಿಗೆ.

ಒಂದು ಎಚ್ಚರಿಕೆಯನ್ನು ಅವರು ಕೊನೆಗೆ ಸೇರಿಸಿದರು. ಕ್ರಾಸಿಂಗ್ ಮುಗಿದ ವಾರದಲ್ಲೇ ಗಂಡು ಗಿಡಗಳನ್ನು ಕಿತ್ತು ಹಾಕುತ್ತಾರೆ. ಅದರ ಹಣ್ಣು ಬೆರೆಯದಿರಲೆಂದು ಮಾಡುವ ಸರಿಯಾದ ಕೆಲಸವೇ ಅದು. ಎಲೆ ತೆಗೆಯುವುದಿದ್ದರೆ ಅದಕ್ಕೆ ಮೊದಲೇ ತೆಗೆಯಬೇಕು.